ಏತದ ಲೆಕ್ಕ, ಚೆನ್ನೈ ಕಾಗದ: ಮೇಸ್ತ್ರಿಯ ಕಾಫಿ ಡ್ರೈಯರ್‌ಗೆ ಪೇಟೆಂಟ್ ಸಿಕ್ಕ ಕಥೆ

ಚೆನ್ನೈ ಪೇಟೆಂಟ್ ಕಚೇರಿಯಿಂದ ಸರ್ಟಿಫಿಕೇಟ್ ಇಮೇಲ್‌ನಲ್ಲಿ ಬಂತು. ನಾನು ಫೋನ್ ಹಿಡಿದುಕೊಂಡು ಗೇಟು ದಾಟಿ ವೆಲ್ಡಿಂಗ್ ಶೆಡ್ಡಿಗೆ ಓಡಿದೆ. ಮೇಸ್ತ್ರಿ ಮುಖದ ಮೇಲಿನ ಮಾಸ್ಕ್ ಎತ್ತಿ ಎರಡು ಸೆಕೆಂಡ್ ನೋಡಿದರು. "ಸರಿ. ಇನ್ನು ಚೆನ್ನೈ ಕಾಟ ಇಲ್ಲ ಅಲ್ವಾ?" ಅಂದರು. ಮತ್ತೆ ಮಾಸ್ಕ್ ಇಳಿಸಿದರು.

ಎರಡೂ ಮುಕ್ಕಾಲು ವರ್ಷ ಓಡಾಡಿದ್ದಕ್ಕೆ ಅಷ್ಟೇ ಸಂಭ್ರಮ. ಆದರೆ ನನ್ನ ತಲೆಯಲ್ಲಿ ಈ ದಾರಿಯ ಪ್ರತಿ ಗುಂಡಿಯೂ ಇನ್ನೂ ಹಸಿಯಾಗಿದೆ. ಮರೆಯುವ ಮೊದಲು ಬರೆದಿಡುತ್ತೇನೆ. ನಿಮ್ಮ ಊರಲ್ಲೂ ಒಬ್ಬ ಮೇಸ್ತ್ರಿ ಇರಬಹುದು, ಅವರ ಶೆಡ್ಡಿನಲ್ಲೂ ಏನೋ ಒಂದು ಓಡುತ್ತಿರಬಹುದು.

ನಾನು ಕೊಡಗಿನ ಸುಂಟಿಕೊಪ್ಪದ ಹತ್ತಿರ ನಾಲ್ಕು ಎಕರೆ ರೋಬಸ್ಟಾ ಕಾಫಿ ಇಟ್ಟುಕೊಂಡಿರುವವನು. ಅದಕ್ಕೆ ಮೊದಲು ಹೈಸ್ಕೂಲಿನಲ್ಲಿ ಲೆಕ್ಕದ ಮೇಷ್ಟ್ರು. 2021ರ ಜನವರಿ ನಮ್ಮ ಕಡೆಯವರಿಗೆ ಮರೆಯೋದಿಲ್ಲ. ಕೊಯ್ಲಿನ ಮಧ್ಯೆ ಅಕಾಲದ ಮಳೆ ಹಿಡಿಯಿತು. ಕಣದಲ್ಲಿ ಹರಡಿದ್ದ ಚೆರಿ, ಅಂದರೆ ಸಿಪ್ಪೆ ಸಮೇತದ ಕಾಫಿ ಹಣ್ಣು, ಟಾರ್ಪಾಲಿನ ಅಡಿಯಲ್ಲೇ ಬಿಸಿಯಾಗಿ ಬೂಷ್ಟು ಹಿಡಿಯಿತು. ಬಿಸಿಲಿದ್ದರೆ ಎರಡು ವಾರದೊಳಗೆ ಒಣಗುವ ಹಣ್ಣು. ಬಿಸಿಲು ಇಲ್ಲದಿದ್ದರೆ ಕೈ ಕಟ್ಟಿ ಕೂರಬೇಕು. ದೊಡ್ಡ ಎಸ್ಟೇಟಿನವರಿಗೆ ಡ್ರೈಯರ್ ಇದೆ. ನಮ್ಮಂಥವರಿಗೆ ಟಾರ್ಪಾಲ್, ಆಮೇಲೆ ಹಣೆಬರಹ.

ಆಗ ಪಕ್ಕದ ಮೇಸ್ತ್ರಿ ನನ್ನ ಕಣದ ಬದಿಯಲ್ಲಿ ನಿಂತು, ಎರಡು ಹಳೇ ಡ್ರಮ್ಮು ಇದ್ದರೆ ಇದಕ್ಕೊಂದು ದಾರಿ ಮಾಡಬಹುದು ಅಂದರು. ನಾನು ನಕ್ಕೆ. "ಅಷ್ಟು ಸುಲಭ ಆಗಿದ್ರೆ ದೊಡ್ಡ ಕಂಪನಿಯವರು ಬಿಡ್ತಿದ್ರಾ ಮೇಸ್ತ್ರಿ?" ಅಂದೆ. ಈಗ ಅದೇ ಮಾತನ್ನು ಬೇರೆಯವರ ಬಾಯಲ್ಲಿ ಕೇಳಿದಾಗ ಮೈ ಉರಿಯುತ್ತದೆ. ಮೊದಲು ಆಡಿದವನು ನಾನೇ ಅನ್ನೋದನ್ನು ಇಲ್ಲಿ ಒಪ್ಪಿಕೊಂಡುಬಿಡುತ್ತೇನೆ.

ಆ ವರ್ಷದ ಕೊನೆಗೆ, ಹುತ್ತರಿ ಹಬ್ಬ ಕಳೆದ ಮೇಲೆ, ಶೆಡ್ಡಿನಲ್ಲಿ ಮೊದಲ ಯಂತ್ರ ನಿಂತಿತ್ತು. ಕೆಳಗೆ ಡ್ರಮ್ಮಿನ ಒಲೆ, ಕಾಫಿ ಹೊಟ್ಟು ಮತ್ತು ಸಿಲ್ವರ್ ಓಕ್ ಕೊಂಬೆಯ ಉರಿ. ಹಳೇ ಕಾರಿನ ಫ್ಯಾನ್ ಬಿಸಿಗಾಳಿಯನ್ನು ಮೇಲಿನ ತೂತಿನ ತಟ್ಟೆಗೆ ತಳ್ಳುತ್ತದೆ. ಹಣ್ಣೇನೋ ಒಣಗಿತು. ಮೇಸ್ತ್ರಿ ಖುಷಿಯಾಗಿ ಹತ್ತು ಜನರನ್ನು ಕರೆದರು. ಬಂದವರಲ್ಲಿ ಚೆಟ್ಟಳ್ಳಿ ಕಡೆಯ ಒಬ್ಬ ಹಿರಿಯ ಬೆಳೆಗಾರರೂ ಇದ್ದರು. ಅವರು ಒಂದು ಮುಷ್ಟಿ ಚೆರಿ ತಗೊಂಡು ಕಿವಿ ಹತ್ತಿರ ಅಲ್ಲಾಡಿಸಿದರು. ಗಲಗಲ ಅಂತು. ತಲೆಯಾಡಿಸಿದರು. ಆಮೇಲೆ ಒಂದು ಹಣ್ಣನ್ನು ಹಲ್ಲಲ್ಲಿ ಒಡೆದು ಮೂಗಿನ ಹತ್ತಿರ ಹಿಡಿದರು. "ಹೊಗೆ ವಾಸನೆ. ಇದನ್ನ ಯಾರೂ ತಗೊಳಲ್ಲ" ಅಂದು ಹೊರಟೇಬಿಟ್ಟರು.

ಉಳಿದವರಿಗೆ ಅಷ್ಟೇ ಸಾಕಾಯಿತು. ಊರಿನ ಹೋಟೆಲಿನಲ್ಲಿ ಒಂದು ವಾರ ಅದೇ ಮಾತು. ಯಂತ್ರವನ್ನೇ ನೋಡದವರೂ ಅದು ಯಾಕೆ ಆಗೋದಿಲ್ಲ ಅಂತ ವಿವರಿಸಿದರು. ಗುರುತಿನ ಒಬ್ಬ ಎಂಜಿನಿಯರಿಗೆ ಫೋನ್ ಮಾಡಿದೆ. "ಮೊದಲು ಥರ್ಮಲ್ ಲೆಕ್ಕ ಕಳಿಸಿ" ಅಂದರು. ಬಂದು ನೋಡಿ ಸಾರ್ ಅಂದರೆ ನೋಡುವ ಅಗತ್ಯವೇ ಇಲ್ಲ ಅನ್ನುವ ಧಾಟಿ.

ನನಗೆ ವ್ಯತ್ಯಾಸ ಹೊಳೆದಿದ್ದು ಆವಾಗಲೇ. ಆ ಹಿರಿಯರು ಹೇಳಿದ್ದು ಕಹಿ, ಆದರೆ ಹಣ್ಣನ್ನು ಬಾಯಿಗೆ ಹಾಕಿಕೊಂಡು ಹೇಳಿದ್ದರು. ಮೇಸ್ತ್ರಿ ಮರುದಿನವೇ ಒಲೆಯ ಒಳಗೆ ಕಬ್ಬಿಣದ ಪೈಪುಗಳನ್ನು ಹಾಯಿಸಿದರು. ಹೊಗೆ ಚಿಮಣಿಗೆ, ಶುದ್ಧ ಗಾಳಿ ಪೈಪಿನೊಳಗೆ. ಎರಡೂ ಬೆರೆಯೋದಿಲ್ಲ. ವಾಸನೆ ಹೋಯಿತು. ಹೋಟೆಲಿನ ಮಾತಿನಿಂದ ಯಂತ್ರಕ್ಕೆ ಒಂದು ಬೋಲ್ಟಿನ ಪ್ರಯೋಜನವೂ ಆಗಲಿಲ್ಲ.

ನಿಜವಾದ ಹೊಸತನ ಬಂದಿದ್ದು ಮುಂದಿನ ವರ್ಷ. ರಾತ್ರಿಯಿಡೀ ಯಾರಾದರೂ ಎಚ್ಚರ ಇದ್ದು ಹಣ್ಣು ಮಗುಚಬೇಕಿತ್ತು. ಮೇಸ್ತ್ರಿಗೆ ಅದು ಬೇಜಾರು. ಅವರ ಅಜ್ಜನ ಗದ್ದೆಯಲ್ಲಿ ನೀರೆತ್ತುವ ಏತ ಇತ್ತಂತೆ. ಅದನ್ನೇ ತಂದು ಇಲ್ಲಿಟ್ಟರು. ಒಂದರ ಕೆಳಗೊಂದು ಮೂರು ತಟ್ಟೆ. ಪ್ರತಿ ತಟ್ಟೆಯೂ ಒಂದು ತೊಲೆಯ ತುದಿಯಲ್ಲಿ ನೇತಾಡುತ್ತದೆ. ತೊಲೆಯ ಇನ್ನೊಂದು ತುದಿಗೆ ಮರಳಿನ ಬಕೆಟ್. ಹಣ್ಣು ಒಣಗಿದ ಹಾಗೆ ಹಗುರವಾಗುತ್ತದೆ. ಒಂದು ಹೊತ್ತಿನಲ್ಲಿ ಬಕೆಟ್ಟಿನ ಕೈ ಮೇಲಾಗುತ್ತದೆ, ಅಂದರೆ ಬಕೆಟ್ ಕೆಳಗೆ, ತಟ್ಟೆ ಮೇಲೆ. ತಟ್ಟೆ ಎದ್ದಾಗ ಒಂದು ಕೊಕ್ಕೆ ಬಿಡುತ್ತದೆ, ತಳದ ಪಟ್ಟಿಗಳು ತೆರೆಯುತ್ತವೆ, ಹಣ್ಣು ಜರ್ರನೆ ಕೆಳಗಿನ ತಟ್ಟೆಗೆ. ಮೋಟಾರಿಲ್ಲ, ಸೆನ್ಸರ್ ಇಲ್ಲ.

ನಾನು ಮನೆಗೆ ಬಂದು ಹಳೇ ಡೈರಿಯ ಹಿಂದೆ ಲೆಕ್ಕ ಹಾಕಿದೆ. ನಾಲ್ಕು ದಿನ ಬಿಸಿಲು ಕಂಡ ಹಣ್ಣಿನಲ್ಲಿ ತೇವ 45 ಪರ್ಸೆಂಟ್ ಅಂತಿಟ್ಟುಕೊಳ್ಳಿ. 60 ಕೆಜಿ ತುಂಬಿದರೆ ಒಳಗಿರುವ ಒಣ ಪದಾರ್ಥ 33 ಕೆಜಿ. ಅದು ಎಲ್ಲಿಗೂ ಹೋಗೋದಿಲ್ಲ, ಹೋಗೋದು ನೀರು ಮಾತ್ರ. ಚೆರಿ 11 ಪರ್ಸೆಂಟ್ ತೇವಕ್ಕೆ ಬರಬೇಕು. 33ನ್ನು 0.89ರಿಂದ ಭಾಗಿಸಿ. 37 ಕೆಜಿ. ಅಂದರೆ ಕೊನೆಯ ತಟ್ಟೆ 37 ಕೆಜಿಗೆ ಮಗುಚಿದರೆ ಕಾಫಿ ಒಣಗಿದೆ ಅಂತಲೇ ಅರ್ಥ. ತೂಕವೇ ಮೀಟರ್! ಮೂವತ್ತು ವರ್ಷ ಮಕ್ಕಳಿಗೆ ಶೇಕಡಾವಾರು ಲೆಕ್ಕ ಹೇಳಿಕೊಟ್ಟವನಿಗೆ ಹೊಳೆಯದ್ದು ಏಳನೇ ಕ್ಲಾಸಿನವರೆಗೆ ಓದಿದವರಿಗೆ ಹೊಳೆದಿತ್ತು. ಆ ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ.

ಸಾಲ ಕೇಳಲು ಒಂದು ಬ್ಯಾಂಕಿಗೆ ಹೋದೆವು. ಯಂತ್ರದ ಟೆಸ್ಟ್ ರಿಪೋರ್ಟ್ ಕೇಳಿದರು. ಟೆಸ್ಟ್ ಮಾಡುವ ಕಡೆ ಕೇಳಿದರೆ ತಯಾರಕರ ನೋಂದಣಿ ಬೇಕು ಅಂದರು. ನೋಂದಣಿ ಮಾಡಿಸಲು ಬಂಡವಾಳ ಬೇಕು, ಬಂಡವಾಳಕ್ಕೆ ಬ್ಯಾಂಕು. ಗಾಣದ ಎತ್ತಿನ ಹಾಗೆ ಎರಡು ಸುತ್ತು ಹಾಕಿ ಬಿಟ್ಟೆವು.

ಕೊನೆಗೆ ಐದು ಜನ ಬೆಳೆಗಾರರು ಸೇರಿ ತಲಾ ಹತ್ತು ಸಾವಿರ ಹಾಕಿದೆವು. ಸುಮ್ನೆ ಅಲ್ಲ. ನೋಟ್‌ಬುಕ್ಕಿನ ಹಾಳೆಯಲ್ಲಿ ಮೊದಲೇ ಬರೆದುಕೊಂಡೆವು: ಮೂರು ಬ್ಯಾಚ್ ಒಣಗಿಸಬೇಕು, ತೇವ ಅಳೆಯುವ ನಮ್ಮದೇ ಮಾಯಿಶ್ಚರ್ ಮೀಟರಿನಲ್ಲಿ ನೋಡಬೇಕು, ಒಂದು ಬ್ಯಾಚನ್ನು ಮೇಸ್ತ್ರಿ ಇಲ್ಲದಾಗ ಬೇರೆಯವರು ಓಡಿಸಬೇಕು. ಈ ಕೊನೇ ಷರತ್ತು ನನ್ನದು. 1996ರಲ್ಲಿ ತಮಿಳುನಾಡಿನಲ್ಲಿ ಗಿಡಮೂಲಿಕೆಯಿಂದ ಪೆಟ್ರೋಲ್ ಮಾಡಿ ತೋರಿಸಿದ ಪ್ರಕರಣ ನಿಮಗೆ ನೆನಪಿರಬಹುದು. ಎಲ್ಲರ ಕಣ್ಣೆದುರೇ ಪೆಟ್ರೋಲ್ ಬಂತು, ಕೊನೆಗೆ 2016ರಲ್ಲಿ ಕೋರ್ಟಿನಲ್ಲಿ ಮೋಸ ಅಂತ ಶಿಕ್ಷೆಯಾಯಿತು. ಹಾಗಾಗಿ ಮಾಡಿದವರ ಕೈಯಲ್ಲಿ ಮಾತ್ರ ಓಡುವ ಯಂತ್ರವನ್ನು ನಾನು ನಂಬೋದಿಲ್ಲ. ಬೇರೆಯವರ ಕೈಯಲ್ಲೂ ಓಡಿದರೆ, ಆಮೇಲೆ ಅದು ಓಡೋದಿಲ್ಲ ಅನ್ನುವವರನ್ನೂ ನಂಬೋದಿಲ್ಲ.

2023ರ ಜನವರಿಯಲ್ಲಿ ಪರೀಕ್ಷೆ. ಮೊದಲ ಬ್ಯಾಚ್ 10.8 ಪರ್ಸೆಂಟ್ ತೇವ ತೋರಿಸಿತು. ಎರಡನೆಯದು ಕೈ ಕೊಟ್ಟಿತು. ಹಣ್ಣಿನ ಸಿಹಿ ಅಂಟು ತೊಲೆಯ ತಿರುಗಣಿಯಲ್ಲಿ ಕೂತು ತಟ್ಟೆ ಅಂಟಿಕೊಂಡಿತ್ತು. ಮೇಸ್ತ್ರಿ ಒಂದು ಹಳೇ ಸೈಕಲ್ಲಿನ ಹಬ್ ಬಿಚ್ಚಿ, ಬೇರಿಂಗ್ ಸಮೇತ ಅಲ್ಲಿ ಕೂರಿಸಿದರು. ಮೂರನೇ ಬ್ಯಾಚ್ ಹೊತ್ತಿಗೆ ಅವರು ಸುಳ್ಯದಲ್ಲಿ ನೆಂಟರ ಮದುವೆಗೆ ಹೋಗಿದ್ದರು. ಓಡಿಸಿದವರು ಯಾರು ಗೊತ್ತಾ? ಹೊಗೆ ವಾಸನೆ ಅಂದಿದ್ದ ಅದೇ ಚೆಟ್ಟಳ್ಳಿಯ ಹಿರಿಯರು. ಕರೆದೆ, ಬಂದರು. ರಾತ್ರಿ ಎರಡು ಗಂಟೆಗೆ ತಟ್ಟೆ ತಾನಾಗಿ ಮಗುಚಿದ ಸದ್ದಿಗೆ ಎದ್ದು ಕೂತರು. ಬೆಳಿಗ್ಗೆ ಮೀಟರ್ 11.2.

ಅವರೇ ಇನ್ನೊಂದು ತಕರಾರನ್ನೂ ತೆಗೆದರು. ದಿನಾ ಬರುವ ಹಣ್ಣಿನ ತೇವ ಒಂದೇ ಥರ ಇರಲ್ಲ, ಆಗ ನಿಮ್ಮ 37 ಕೆಜಿ ಲೆಕ್ಕ ತಪ್ಪುತ್ತೆ ಅಂದರು. ಸರಿಯಾದ ಮಾತು. ತುಂಬುವ ಮೊದಲು ಮೀಟರಿನಲ್ಲಿ ನೋಡಿ, ಅದಕ್ಕೆ ತಕ್ಕ ಹಾಗೆ ಬಕೆಟ್ಟಿಗೆ ಎಷ್ಟು ಮರಳು ಅನ್ನುವ ಒಂದು ಪಟ್ಟಿ ಬರೆದು ಶೆಡ್ಡಿನ ಗೋಡೆಗೆ ಅಂಟಿಸಿದೆ. ಈಗಲೂ ಅಲ್ಲೇ ಇದೆ.

ಇನ್ನು ಕಾಗದದ ಕಥೆ. ಪೇಟೆಂಟ್ ಮಾಡಿಸೋಣ ಅಂದಾಗ ಒಬ್ಬ ಏಜೆಂಟ್ 45 ಸಾವಿರ ಕೇಳಿದರು. ಅಷ್ಟು ದುಡ್ಡು ಇರಲಿಲ್ಲ. ಓದುತ್ತಾ ಹೋದಾಗ ಗೊತ್ತಾಯಿತು, ಏಜೆಂಟ್ ಕಡ್ಡಾಯ ಅಲ್ಲ, ಕಂಡುಹಿಡಿದವರೇ ಹಾಕಬಹುದು. ಕರ್ನಾಟಕದವರ ಅರ್ಜಿ ಚೆನ್ನೈ ಕಚೇರಿಗೆ ಹೋಗುತ್ತದೆ. ಆನ್‌ಲೈನಿನಲ್ಲಿ ಹಾಕಿದರೆ ವ್ಯಕ್ತಿಗಳಿಗೆ ಶುಲ್ಕ 1,600 ರೂಪಾಯಿ, ಕಾಗದದಲ್ಲಿ ಹಾಕಿದರೆ ಹತ್ತು ಪರ್ಸೆಂಟ್ ಜಾಸ್ತಿ.

ಇಲ್ಲೊಂದು ಎಚ್ಚರ. ಅರ್ಜಿ ಹಾಕುವ ಮೊದಲು ಯಂತ್ರವನ್ನು ಊರಿಗೆಲ್ಲಾ ತೋರಿಸಬೇಡಿ. ಕೃಷಿ ಮೇಳ, ಯೂಟ್ಯೂಬ್, ವಾಟ್ಸಾಪ್ ಸ್ಟೇಟಸ್ ಯಾವುದೂ ಬೇಡ. ಬಹಿರಂಗವಾದರೆ ಅದು ಹೊಸತಲ್ಲ ಅಂತ ನಿಮ್ಮ ವಿಡಿಯೋವನ್ನೇ ನಿಮ್ಮ ವಿರುದ್ಧ ತೋರಿಸಬಹುದು. ಮೇಸ್ತ್ರಿಯ ಅಕ್ಕನ ಮಗ ಆಗಲೇ ಒಂದು ವಿಡಿಯೋ ಹಾಕಿದ್ದ. ನನ್ನ ಎದೆ ಧಸಕ್ಕೆಂದಿತು. ಪುಣ್ಯಕ್ಕೆ ಅದು ಮೊದಲ ವರ್ಷದ, ಏತ ಇಲ್ಲದ ಯಂತ್ರ. ಏತದ ಪರೀಕ್ಷೆ ನೋಡಿದ್ದು ನಾವು ಐದಾರು ಜನ ಮಾತ್ರ, ಅದೂ ಹೊರಗೆ ಹೇಳೋದಿಲ್ಲ ಅಂತ ಅದೇ ನೋಟ್‌ಬುಕ್ ಹಾಳೆಯಲ್ಲಿ ಸಹಿ ಹಾಕಿ.

ಅವಸರ ಇದ್ದವರಿಗೆ ಪ್ರೊವಿಷನಲ್, ಅಂದರೆ ತಾತ್ಕಾಲಿಕ, ಅರ್ಜಿ ಒಳ್ಳೆಯದು. ಯಂತ್ರ ಹೇಗೆ ಕೆಲಸ ಮಾಡುತ್ತದೆ ಅಂತ ವಿವರಿಸಿ, ಚಿತ್ರ ಕೊಟ್ಟು ದಿನಾಂಕ ಹಿಡಿದುಕೊಳ್ಳಬಹುದು. ಪೂರ್ತಿ ಅರ್ಜಿಗೆ 12 ತಿಂಗಳು ಸಮಯ. ಒಂದು ದಿನ ಮೀರಿದರೂ ಕೈ ತಪ್ಪುತ್ತದೆ. ನಾವು 2023ರ ಫೆಬ್ರವರಿಯಲ್ಲಿ ಪ್ರೊವಿಷನಲ್ ಹಾಕಿದೆವು, 2024ರ ಫೆಬ್ರವರಿಯಲ್ಲಿ ಪೂರ್ತಿಯದು. ಆ ಪೂರ್ತಿ ಅರ್ಜಿಗೆ ಮತ್ತೆ ಶುಲ್ಕ ಇಲ್ಲ.

ನೋವಾಗಿದ್ದು ಭಾಷೆಯ ವಿಷಯದಲ್ಲಿ. ಮೇಸ್ತ್ರಿ ನೀಲಿ ಪೆನ್ನಿನಲ್ಲಿ ಚೆಂದದ ಚಿತ್ರ ಬರೆದಿದ್ದರು. ತೊಲೆ, ಕೊಕ್ಕೆ, ತಟ್ಟೆ, ಬಕೆಟ್ ಅಂತ ಬಾಣದ ಗುರುತು ಹಾಕಿ ಕನ್ನಡದಲ್ಲಿ ಹೆಸರು. ಅರ್ಜಿ ಇಂಗ್ಲಿಷ್ ಅಥವಾ ಹಿಂದಿಯಲ್ಲೇ ಇರಬೇಕು. ಚಿತ್ರದ ಮೇಲಂತೂ ಹೆಸರೇ ಇರಬಾರದು, ಬರೀ ಅಂಕಿ. 1 ಅಂದರೆ ಒಲೆ, 7 ಅಂದರೆ ಕೊಕ್ಕೆ. ಅಂಕಿಗಳ ವಿವರ ಬೇರೆ ಪುಟದಲ್ಲಿ. ಕುಶಾಲನಗರದ ಒಬ್ಬ ವಿದ್ಯಾರ್ಥಿ 1,500 ರೂಪಾಯಿಗೆ ಕಂಪ್ಯೂಟರಿನಲ್ಲಿ ಮರುಚಿತ್ರ ಮಾಡಿಕೊಟ್ಟ. ಮೇಸ್ತ್ರಿ ಅದನ್ನು ನೋಡಿ, "ಇದು ನನ್ನ ಮಿಷನ್ನಾ?" ಅಂದರು. ಅವರ ಮೂಲ ಚಿತ್ರವನ್ನು ನಾನು ತೆಗೆದಿಟ್ಟಿದ್ದೇನೆ.

ಕ್ಲೈಮ್ ಬರೆಯೋದು ಇನ್ನೊಂದು ಯಜ್ಞ. ಯಾವುದು ನಿಮ್ಮದು ಅಂತ ಬೇಲಿ ಹಾಕುವ ಭಾಗ ಅದು. ಒಂದೊಂದು ಕ್ಲೈಮೂ ಒಂದೇ ವಾಕ್ಯ ಆಗಿರಬೇಕು, ಅರ್ಧ ಪುಟ ಹೋದರೂ ಸರಿ. ಹತ್ತು ಕ್ಲೈಮಿನವರೆಗೆ ಹೆಚ್ಚುವರಿ ಶುಲ್ಕ ಇಲ್ಲ. ಮೊದಲು ಪೇಟೆಂಟ್ ಇಲಾಖೆಯ ಉಚಿತ ಹುಡುಕಾಟದ ತಾಣದಲ್ಲಿ ಇಂಥದ್ದು ಯಾರಾದರೂ ಮಾಡಿದ್ದಾರಾ ನೋಡಿ. ನಾನು ಹದಿನೈದು ರಾತ್ರಿ ನೋಡಿದೆ. ಹೊಗೆ ಬೆರೆಯದ ಬಿಸಿಗಾಳಿ, ಅಂತಸ್ತಿನ ತಟ್ಟೆ, ಎಲ್ಲಾ ಹಳೆಯದೇ. ಮೇಸ್ತ್ರಿಗೆ ಹೇಳಲು ನಾಲಿಗೆ ಏಳಲಿಲ್ಲ. ಅವರು ಹೇಳಿದ್ದು ಇಷ್ಟೇ: "ಒಲೆ ನಂದಲ್ಲ ಬಿಡಿ. ಏತ ನೋಡಿ, ಏತ." ಏತ ಎಲ್ಲೂ ಸಿಗಲಿಲ್ಲ. ಬೇಲಿಯನ್ನು ಅದರ ಸುತ್ತ ಮಾತ್ರ ಹಾಕಿದೆವು.

ಓದು ಕಡಿಮೆ ಇರುವ ರೈತರು, ಮೆಕ್ಯಾನಿಕ್‌ಗಳು ಸ್ವಂತವಾಗಿ ಏನಾದರೂ ಮಾಡಿದ್ದರೆ ಗುಜರಾತಿನ ಗಾಂಧಿನಗರದಲ್ಲಿರುವ ನ್ಯಾಷನಲ್ ಇನ್ನೋವೇಶನ್ ಫೌಂಡೇಶನ್‌ಗೂ ಬರೆಯಬಹುದು. 2000ನೇ ಇಸವಿಯಿಂದ ಇಂಥವರನ್ನು ಹುಡುಕುವುದೇ ಅವರ ಕೆಲಸ, ಪೇಟೆಂಟಿಗೂ ನೆರವು ಕೊಡುತ್ತಾರೆ. ಅಣ್ಣಿಗೇರಿಯ ಅಬ್ದುಲ್ ಖಾದರ್ ನಡಕಟ್ಟಿನ ಅವರಿಗೆ 2022ರಲ್ಲಿ ಪದ್ಮಶ್ರೀ ಬಂದಿದ್ದು ಹುಣಸೆ ಬೀಜ ಬಿಡಿಸುವ ಯಂತ್ರ, ಕೂರಿಗೆ ಇಂಥವನ್ನೇ ಮಾಡಿದ್ದಕ್ಕೆ. ನಮಗೆ ಈ ದಾರಿ ಗೊತ್ತಾಗುವ ಹೊತ್ತಿಗೆ ಅರ್ಜಿ ಹೋಗಿ ಆಗಿತ್ತು.

ಪೂರ್ತಿ ಅರ್ಜಿಯ ಜೊತೆಗೇ ಎರಡು ಫಾರಂ ಹಾಕಿದೆವು. ಫಾರಂ 9, ಬೇಗ ಪ್ರಕಟಿಸಿ ಅನ್ನೋದು, 2,500 ರೂಪಾಯಿ. ಇಲ್ಲದಿದ್ದರೆ ಪ್ರಕಟಣೆಗೇ 18 ತಿಂಗಳು. ಫಾರಂ 18, ಪರೀಕ್ಷಿಸಿ ಅನ್ನೋದು, 4,000. ಎಷ್ಟೋ ಜನ ಈ ಫಾರಂ 18 ಹಾಕದೇ ಪೇಟೆಂಟ್ ಬರುತ್ತೆ ಅಂತ ಕಾಯುತ್ತಾ ಕೂರುತ್ತಾರೆ. ಕೇಳದಿದ್ದರೆ ಯಾರೂ ಪರೀಕ್ಷೆ ಮಾಡೋದಿಲ್ಲ. 2024ರ ಮಾರ್ಚ್ 15ರಿಂದ ಹಾಕಿದ ಅರ್ಜಿಗಳಿಗೆ ಇದರ ಗಡುವು 31 ತಿಂಗಳು, ಮೊದಲು 48 ಇತ್ತು.

ಆಮೇಲೆ ಕಾಯುವುದು. ಮೇಸ್ತ್ರಿ ಗೇಟು, ಗ್ರಿಲ್ಲು ಅಂತ ಅವರ ಕೆಲಸದಲ್ಲಿದ್ದರು. ಕಾದವನು ನಾನು. ದಿನಾ ಎರಡು ಸಲ ಸ್ಟೇಟಸ್ ನೋಡೋದು. ಹೋಟೆಲಿನಲ್ಲಿ "ಏನಾಯ್ತು ಮೇಷ್ಟ್ರೇ ನಿಮ್ಮ ರಾಕೆಟ್ಟು?" ಅಂತ ಕೇಳೋರು. ಒಂದೆರಡು ತಿಂಗಳು ಆ ಕಡೆ ಟೀ ಕುಡಿಯೋದನ್ನೇ ಬಿಟ್ಟೆ.

2024ರ ಅಕ್ಟೋಬರಿನಲ್ಲಿ ಪೇಟೆಂಟ್ ಕಚೇರಿಯ ಮೊದಲ ಪರೀಕ್ಷಾ ವರದಿ ಬಂತು. ಓದಿದಾಗ ಕಾಲ ಕೆಳಗಿನ ನೆಲ ಕುಸಿದ ಹಾಗಾಯಿತು. ಎಲ್ಲಾ ಕ್ಲೈಮಿಗೂ ಆಕ್ಷೇಪಣೆ. ಹಳೆಯ ಎರಡು ಧಾನ್ಯದ ಡ್ರೈಯರ್‌ಗಳನ್ನು ತೋರಿಸಿ, ಇವೆರಡನ್ನು ಸೇರಿಸಿದರೆ ನಿಮ್ಮದು ಯಾರಿಗಾದರೂ ಹೊಳೆಯುವಂಥದ್ದೇ ಅಂತ ಬರೆದಿದ್ದರು. ಇದನ್ನು ನೋಡಿ ಹೆದರಬೇಡಿ. ಇಂಥ ಆಕ್ಷೇಪಣೆ ಬಹುತೇಕ ಎಲ್ಲರಿಗೂ ಬರುತ್ತದೆ, ಉತ್ತರಕ್ಕೆ ಆರು ತಿಂಗಳು ಇರುತ್ತದೆ. ನಿಜ ಹೇಳಬೇಕಂದರೆ ಆ ಪರೀಕ್ಷಕರ ಮೇಲೆ ನನಗೆ ಗೌರವವೇ ಬಂತು. ಆಗಲ್ಲ ಅಂತ ಸುಮ್ನೆ ಹೇಳಿರಲಿಲ್ಲ, ಯಾವ ಪುಟದ ಯಾವ ಪ್ಯಾರಾ ಅಂತ ತೋರಿಸಿ ಹೇಳಿದ್ದರು. ಅವರು ತೋರಿಸಿದ ಯಂತ್ರಗಳಲ್ಲಿ ತಟ್ಟೆ ಮಗುಚುವುದು ಮೋಟಾರಿನಿಂದ, ಗಂಟೆ ಲೆಕ್ಕದಲ್ಲಿ. ನಮ್ಮದು ಹಣ್ಣಿನದೇ ತೂಕದಿಂದ. ಮೂರನೇ ಕ್ಲೈಮನ್ನು ಮೊದಲನೆಯದರೊಳಗೆ ಸೇರಿಸಿ, ಉತ್ತರ ಬರೆದು ಮುಗಿಸಿದೆ.

ಕಳಿಸಲು ಕೂತರೆ ಸಹಿ ಆಗುತ್ತಿಲ್ಲ! ನಮ್ಮ ಡಿಜಿಟಲ್ ಸಹಿಯ ಅವಧಿ ಎರಡೇ ವರ್ಷ. 2023ರಲ್ಲಿ ಮಾಡಿಸಿದ್ದು ಅದೇ ತಿಂಗಳು ಮುಗಿದಿತ್ತು. ಹೊಸದಕ್ಕೆ ಮೇಸ್ತ್ರಿ ಫೋನಿನ ಕ್ಯಾಮೆರಾ ಮುಂದೆ ಹೆಸರು ಹೇಳಿ, ಆಧಾರ್, ಪ್ಯಾನ್ ತೋರಿಸಬೇಕು. ಎರಡರಲ್ಲೂ ಹೆಸರಿನ ಇನಿಷಿಯಲ್ ಬೇರೆ ಬೇರೆ. ತಿದ್ದುಪಡಿಗೆ ಹನ್ನೆರಡು ದಿನ ಹೋಯಿತು. ನೀವು ಶುರು ಮಾಡುವ ಮೊದಲೇ ಈ ಎರಡು ಕಾರ್ಡ್ ಪಕ್ಕಪಕ್ಕ ಇಟ್ಟು ನೋಡಿಕೊಳ್ಳಿ.

ಉತ್ತರದ ಮೇಲಿನ ವಿಚಾರಣೆ ವಿಡಿಯೋದಲ್ಲಿ, 2025ರ ಜುಲೈ ಕೊನೆಗೆ. ಅಂದರೆ ಸರಿಯಾಗಿ ಕಕ್ಕಡ ತಿಂಗಳ ಮಳೆಯ ನಡುವೆ. ಊರಲ್ಲಿ ಮೂರು ದಿನದಿಂದ ಕರೆಂಟಿಲ್ಲ, ನೆಟ್‌ವರ್ಕಿಲ್ಲ. ಬೆಳಿಗ್ಗೆ ಏಳಕ್ಕೇ ಜೀಪಿನಲ್ಲಿ ಕುಶಾಲನಗರಕ್ಕೆ ಇಳಿದೆವು, ಅಲ್ಲಿ ಮಳೆ ಕಡಿಮೆ. ಒಂದು ಜೆರಾಕ್ಸ್ ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂತೆವು. ಮೇಸ್ತ್ರಿ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿದ್ದರು. ತೊಡೆಯ ಮೇಲೆ ತಗಡಿನಲ್ಲಿ ಮಾಡಿದ ಒಂದು ಗೇಣಿನ ಮಾದರಿ.

ಅಧಿಕಾರಿ ಕೇಳಿದ್ದನ್ನು ನಾನು ಕನ್ನಡಕ್ಕೆ ತಿರುಗಿಸಿದೆ. ಮೇಸ್ತ್ರಿ ಬಾಯಿಮಾತಿನ ಬದಲು ಮಾದರಿಯನ್ನು ಕ್ಯಾಮೆರಾ ಮುಂದೆ ಹಿಡಿದು, ಪುಟ್ಟ ತಟ್ಟೆಗೆ ಕಾಫಿ ಬೀಜ ಹಾಕಿ, ಒಂದೊಂದೇ ತೆಗೆಯುತ್ತಾ ಹೋದರು. ಹನ್ನೊಂದನೇ ಬೀಜಕ್ಕೆ ತಟ್ಟೆ ಟಕ್ ಅಂತ ಎದ್ದು ಮಗುಚಿತು. ಆ ಕಡೆ ಸ್ವಲ್ಪ ಹೊತ್ತು ಮೌನ. "ಇನ್ನೊಮ್ಮೆ ತೋರಿಸಿ" ಅಂದರು. ಇಪ್ಪತ್ತು ನಿಮಿಷದಲ್ಲಿ ಮುಗಿಯಿತು. ಹೇಳಿದ್ದನ್ನೆಲ್ಲಾ ಹದಿನೈದು ದಿನದೊಳಗೆ ಬರಹದಲ್ಲೂ ಕಳಿಸಬೇಕು, ಅದನ್ನು ಮಾತ್ರ ಮರೆಯಬೇಡಿ.

ಪೇಟೆಂಟ್ ಬಂದಿದ್ದು ಅಕ್ಟೋಬರಿನಲ್ಲಿ. ಬಂದ ಮೇಲೂ ಖರ್ಚಿದೆ. ಮೂರನೇ ವರ್ಷದಿಂದ ನವೀಕರಣ ಶುಲ್ಕ, ಶುರುವಿಗೆ ವರ್ಷಕ್ಕೆ 800, ಹೋಗ್ತಾ ಹೋಗ್ತಾ ಏರುತ್ತದೆ. ಇಪ್ಪತ್ತು ವರ್ಷ ಕಟ್ಟುತ್ತಾ ಇರಬೇಕು. ಇದುವರೆಗೆ ಸರ್ಕಾರಕ್ಕೆ ಕಟ್ಟಿದ್ದು 8,900. ಡಿಜಿಟಲ್ ಸಹಿ ಎರಡು ಸಲಕ್ಕೆ 4,000, ಚಿತ್ರ 1,500. ಜೀಪಿನ ಡೀಸೆಲ್, ಜೆರಾಕ್ಸ್, ಟೀ ಲೆಕ್ಕ ಇಟ್ಟಿಲ್ಲ. ಐವತ್ತು ಸಾವಿರದಲ್ಲಿ ಉಳಿದಿದ್ದೆಲ್ಲಾ ಕಬ್ಬಿಣಕ್ಕೆ ಹೋಯಿತು.

ಈ ಕೊಯ್ಲಿಗೆ ಎರಡನೇ ಯಂತ್ರ ತಯಾರಾಗುತ್ತಿದೆ, ಚೆಟ್ಟಳ್ಳಿಯ ಹಿರಿಯರಿಗೆ. ಹೋಟೆಲಿನವರೂ ಬೆಲೆ ಕೇಳಿದ್ದಾರೆ, ಆದರೆ ಅದು ಬೇರೆ ಯಾರದೋ ಪರವಾಗಿ ಕೇಳಿದ್ದಂತೆ.

ನಿನ್ನೆ ಶೆಡ್ಡಿಗೆ ಹೋದಾಗ ಬಕೆಟ್ಟಿನಲ್ಲಿ ಮರಳಿರಲಿಲ್ಲ, ಹಳೇ ತಕ್ಕಡಿಯ ಕಬ್ಬಿಣದ ಬಟ್ಟುಗಳಿದ್ದವು. ಮಳೆಯ ತೇವಕ್ಕೆ ಮರಳು ನೀರು ಹೀರಿ ಭಾರವಾಗುತ್ತದೆ, ತಟ್ಟೆ ಬೇಗ ಮಗುಚಿಬಿಡುತ್ತದೆ ಅಂದರು ಮೇಸ್ತ್ರಿ. ಆಮೇಲೆ ಸ್ವಲ್ಪ ಹೆದರಿದ ದನಿಯಲ್ಲಿ, "ಇದಕ್ಕೂ ಫಾರಂ ಹಾಕ್ಬೇಕಾ ಮೇಷ್ಟ್ರೇ?" ಅಂತ ಕೇಳಿದರು.

ಬೇಡ ಅಂದೆ. ಕ್ಲೈಮಿನಲ್ಲಿ ನಾನು ಮರಳು ಅಂತ ಬರೆದಿರಲಿಲ್ಲ, ತೂಕ ಅಂತ ಬರೆದಿದ್ದೆ.